ರನ್ ಅಂದ್ರೆ ಏನ್ರೀ

ಗುರುದತ್ತ ಮಾತಿನ ಮನುಷ್ಯ. ಊಟದ ಮೇಜಿನಲ್ಲಿ, ಲಿಫ್ಟಿನಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಎಲ್ಲಿ ಕೂತರೂ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಅವನ ಹೆಂಡತಿ ವಿನೋದಿನಿಗೆ ಮಾತು ಕಮ್ಮಿ. ಮೈಸೂರಿನ ಸರಸ್ವತಿಪುರಂನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡಿಕೊಂಡಿದ್ದವಳು. ಅಲ್ಲಿ ಮಾತಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ಗಂಡನನ್ನು ಬೆಂಗಳೂರಿನ ಕಂಪನಿ ನೈರೋಬಿಯ ಬ್ಯಾಂಕೊಂದರ ಸಾಫ್ಟ್‌ವೇರ್ ಕೆಲಸಕ್ಕೆ ಕಳಿಸಿದಾಗ ಅವಳು ಕೆಲಸ ಬಿಟ್ಟು, ಪುಟ್ಟ ಮಗಳು ಅಮೂಲ್ಯಳ ಕೈ ಹಿಡಿದು ಹೊರಟುಬಂದಳು. ಪಾರ್ಕ್‌ಲ್ಯಾಂಡ್ಸಿನ ಫ್ಲ್ಯಾಟಿನಲ್ಲಿ ವರ್ಷಗಳು ಕಳೆದವು. ಎರಡು ವರ್ಷ ಎಂದು ಬಂದ ಪೋಸ್ಟಿಂಗು ಬೆಳೆಯುತ್ತ ಹೋಯಿತು. ಮಗಳೂ ಬೆಳೆದು ಅಮ್ಮನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿಯಾದಳು. ಮನೆಯ ಸದ್ದೆಲ್ಲ ಗುರುದತ್ತನದ್ದೇ. ಅವನು ಮಾತಾಡುತ್ತಿದ್ದ, ಅವಳು ಹೂಂಗುಟ್ಟುತ್ತಿದ್ದಳು. ಅವರ ಸಂಸಾರ ಹಾಗೆಯೇ ನಡೆದಿತ್ತು, ಚೆನ್ನಾಗಿಯೇ ನಡೆದಿತ್ತು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಅಪ್ಪರ್ ಹಿಲ್‌ನ ಆಫೀಸಿನಲ್ಲಿ ಬೆಳಗಿನ ಮೀಟಿಂಗ್ ನಡೆಯುತ್ತಿದ್ದಾಗ, ಗುರುದತ್ತ "ಯೆಸ್ಟರ್‌ಡೇಸ್ ಬ್ಯಾಚ್ ರನ್..." ಎಂದು ಹಿಂದಿನ ದಿನ ಕಂಪ್ಯೂಟರಿನಲ್ಲಿ ಓಡಿಸಿದ ಲೆಕ್ಕದ ಮಾತು ತೆಗೆದವನು ಅಲ್ಲಿಗೇ ನಿಂತ. ಎಲ್ಲರೂ ಮುಂದಿನ ಮಾತಿಗೆ ಕಾದರು. ಅವನ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಬಲಗೈಯಲ್ಲಿದ್ದ ಪೆನ್ನು ಉರುಳಿ ಬಿತ್ತು. ಆಮೇಲೆ ಅವನೇ ಕುರ್ಚಿಯಿಂದ ಜಾರಿದ. ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ ರಜತ್ ವಿನೋದಿನಿಗೆ ಫೋನು ಮಾಡಿ, "ಮೇಡಂ, ಸರ್‌ಗೆ ಸ್ವಲ್ಪ ಹುಷಾರಿಲ್ಲ, ಆಸ್ಪತ್ರೆಗೆ ಬನ್ನಿ. ಗಾಬರಿ ಏನಿಲ್ಲ," ಎಂದ. ಗಾಬರಿ ಏನಿಲ್ಲ ಎಂದ ಅವನ ದನಿಯೇ ನಡುಗುತ್ತಿತ್ತು.

ಸ್ಟ್ರೋಕ್ ಎಂದರು. ಎಡ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಬಲಗೈ ಬಲಗಾಲಿಗೆ ಹೊಡೆತ ಬಿದ್ದಿದೆ, ಜೀವಕ್ಕೆ ಅಪಾಯವಿಲ್ಲ. ಡಾಕ್ಟರು ಮಂಚದ ಪಕ್ಕ ನಿಂತು ಕೇಳಿದರು: "ಬ್ಲಡ್ ಪ್ರೆಶರ್, ಡಸ್ ಇಟ್ ರನ್ ಇನ್ ದಿ ಫ್ಯಾಮಿಲಿ?"

ಮಂಚದಿಂದ ದನಿ ಬಂತು. "ರನ್."

ಪ್ರಜ್ಞೆ ಬಂದ ಮೇಲೆ ಅವನಾಡಿದ ಮೊದಲ ಮಾತು ಅದು. ಡಾಕ್ಟರು ಹೌದೆಂಬ ಉತ್ತರ ಎಂದುಕೊಂಡು ಬರೆದುಕೊಂಡರು. ವಿನೋದಿನಿಯೂ ಹಾಗೇ ಅಂದುಕೊಂಡಳು, ಅವನ ಅಪ್ಪನಿಗೆ ಬಿ.ಪಿ. ಇದ್ದದ್ದು ನಿಜವೇ ಆಗಿತ್ತು. ಆದರೆ ನರ್ಸು ನೀರು ಬೇಕೇ ಎಂದಾಗಲೂ ಅವನು ರನ್ ಎಂದ. ಅಮೂಲ್ಯ "ಅಪ್ಪಾ" ಎಂದು ಕೆನ್ನೆ ಸವರಿದಾಗಲೂ ರನ್ ಎಂದ. ವಿನೋದಿನಿ ಬಗ್ಗಿ, "ಏನ್ರೀ, ಏನು ಬೇಕು?" ಎಂದಾಗ ಅವನ ಕಣ್ಣು ತುಂಬಿಬಂದು, "ರನ್... ರನ್, ರನ್," ಎಂದು ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿ ಬೆಚ್ಚಿದ.

ಹೆಲನ್ ಎಂಬಾಕೆ ಆ ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್. ಆಕೆ ವಿನೋದಿನಿಯನ್ನು ಹೊರಗೆ ಕೂರಿಸಿಕೊಂಡು ನಿಧಾನವಾಗಿ ವಿವರಿಸಿದಳು. ಕೆಲವರಿಗೆ ಹೀಗಾಗುತ್ತದೆ. ಹೊಡೆತ ಬಿದ್ದ ಹೊತ್ತಿನಲ್ಲಿ ನಾಲಿಗೆಯ ಮೇಲಿದ್ದ ಮಾತು ಒಂದೊಂದು ಸಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೀವು ಹೇಳಿದ್ದು ಬಹುಮಟ್ಟಿಗೆ ಅವರಿಗೆ ಅರ್ಥವಾಗುತ್ತದೆ, ಹೇಳಬೇಕಾದ್ದು ಒಳಗೆ ಇದೆ, ಹೊರಗೆ ಬರುವ ಬಾಗಿಲಲ್ಲಿ ಆ ಒಂದೇ ಪದ ನಿಂತುಬಿಟ್ಟಿದೆ. "ಪದ ಕೇಳಿಸಿಕೊಳ್ಳಬೇಡಿ, ಮಾಮಾ. ದನಿ ಕೇಳಿ, ಕೈ ನೋಡಿ," ಎಂದಳು, ಅಮ್ಮ ಎನ್ನುವಲ್ಲಿ ಮಾಮಾ ಎನ್ನುವ ಆ ಊರಿನ ರೂಢಿಯಲ್ಲಿ.

"ಅವರಿಗೆ ಮತ್ತೆ ಕನ್ನಡ ಬರುತ್ತದೆಯೇ?" ಎಂದಳು ವಿನೋದಿನಿ.

"ಬರಬಹುದು. ಬರದೆಯೂ ಇರಬಹುದು."

ವಿನೋದಿನಿ ಆಕೆಗೆ ಅವರ ಸ್ವಾಹಿಲಿಯಲ್ಲೇ ಅಸಾಂಟೆ ಎಂದು ಥ್ಯಾಂಕ್ಸ್ ಹೇಳಿ ಎದ್ದಳು. ಅಳು ಬರುತ್ತದೆ ಎಂದು ಕಾದಳು, ಬರಲಿಲ್ಲ. ಮೈಸೂರಿನಿಂದ ತಮ್ಮ ಹರ್ಷ ಫೋನು ಮಾಡಿ, "ಅತ್ತುಬಿಡೇ ಅಕ್ಕ, ಒಳಗೇ ಇಟ್ಕೋಬೇಡ," ಎಂದಾಗ ಹೂಂ ಎಂದಳು. ಹಲ್ಲಿನ ಡಾಕ್ಟರು ಇಂಜೆಕ್ಷನ್ ಚುಚ್ಚಿದ ಮೇಲೆ ತುಟಿ ಮುಖದ ಮೇಲಿದ್ದೂ ನಮ್ಮದಲ್ಲ ಎನಿಸುವಂತೆ ಅವಳಿಗೆ ಮೈಯೆಲ್ಲ ಹಾಗಾಗಿತ್ತು. ಅಡಿಗೆ ಮಾಡಿದಳು, ಮಾತ್ರೆ ಕೊಟ್ಟಳು, ಅವನ ಗಡ್ಡ ಹೆರೆದಳು. ಯಾವುದೂ ತಪ್ಪಲಿಲ್ಲ, ಯಾವುದೂ ತಟ್ಟಲಿಲ್ಲ.

ಮನೆಗೆ ಬಂದ ಮೇಲೆ ಆ ಪದದ ಬೆನ್ನು ಹತ್ತಿದವಳು ಅಮೂಲ್ಯ. ಅಪ್ಪ ಬಚ್ಚಲುಮನೆ ಕಡೆ ನೋಡುತ್ತ ರನ್ ಎಂದರೆ ಅವಳು ನಲ್ಲಿ ತಿರುಗಿಸುತ್ತಿದ್ದಳು. ಪೇಸ್ಟಿನ ಟ್ಯೂಬು ತೋರಿಸಿ ರನ್ ಎಂದರೆ, "ಅಮ್ಮಾ, ವಿ ಹ್ಯಾವ್ ರನ್ ಔಟ್," ಎನ್ನುತ್ತಿದ್ದಳು. ಅವನು ಮೂಗು ಮುಟ್ಟಿಕೊಂಡರೆ ನೆಗಡಿ, ಗಡಿಯಾರ ತೋರಿಸಿದರೆ ಸ್ಕೂಲಿಗೆ ತಡವಾಯಿತು, ಟಿ.ವಿ. ಕಡೆ ಕೈಯೆತ್ತಿದರೆ ಸ್ಕೋರ್ ಎಷ್ಟು ಎಂಬ ಪ್ರಶ್ನೆ. ನೀರು, ಮೂಗು, ಹೊತ್ತು, ಆಟ, ಎಲ್ಲಕ್ಕೂ ಇಂಗ್ಲಿಷಿನಲ್ಲಿ ಆ ಪದ ಒಪ್ಪುತ್ತಿತ್ತು. ಮಗಳಿಗೆ ಅದೊಂದು ಗೆಲುವು.

"ಬೇರೆ ಯಾವ ವರ್ಡ್ ಸಿಕ್ಕಿಕೊಂಡಿದ್ರೂ ಇಷ್ಟು ಯೂಸ್ ಆಗ್ತಿರಲಿಲ್ಲ ಅಮ್ಮ. ಇಟ್ಸ್ ಅ ಗುಡ್ ವರ್ಡ್," ಎಂದಳು ಒಂದು ದಿನ, ಅಪರೂಪಕ್ಕೆ ಅರ್ಧ ಕನ್ನಡದಲ್ಲಿ.

ವಿನೋದಿನಿಗೆ ಆ ಆಟ ಹತ್ತಲಿಲ್ಲ. ಅವಳ ಕನ್ನಡದಲ್ಲಿ ಮೂಗು ಸೋರುತ್ತಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು, ಪೇಸ್ಟು ಮುಗಿಯುತ್ತಿತ್ತು, ಅಂಗಡಿ ನಡೆಯುತ್ತಿತ್ತು, ಮನೆಯೂ ನಡೆಯುತ್ತಿತ್ತು. ಮಗಳ ಇಂಗ್ಲಿಷಿನಲ್ಲಿ ಮಾತ್ರ ಎಲ್ಲವೂ ಓಡುತ್ತಿತ್ತು. ಅವಳು ಹೆಲನ್ ಹೇಳಿದಂತೆ ದನಿ ಕೇಳಿದಳು. ಎರಡು ಸಲ ಮೆಲ್ಲಗೆ ರನ್ ರನ್ ಎಂದರೆ ವಿನು ಎಂದು ಕರೆದಂತೆ. ಮದುವೆಯಾದಾಗಿನಿಂದ ಅವನು ಕೂಗುತ್ತಿದ್ದದ್ದು ಅದೇ ಏರಿಳಿತದಲ್ಲಿ. ಅದನ್ನು ಮಗಳಿಗೂ ಹೇಳಲಿಲ್ಲ. ಕೂಗಿದಾಗ ಎದ್ದು ಹೋಗುತ್ತಿದ್ದಳು, ಅಷ್ಟೆ.

ಆರು ತಿಂಗಳಾದ ಮೇಲೆ ಅವನು ಕೋಲು ಹಿಡಿದು ಓಡಾಡುವಂತಾದ. ಮನೆಯೊಳಗೇ ಇದ್ದು ಇದ್ದು ಬೇಸತ್ತಿದ್ದ. ಒಂದು ಶನಿವಾರ ಮಧ್ಯಾಹ್ನ ಅಮೂಲ್ಯ ಹಟ ಹಿಡಿದು ಅಪ್ಪನನ್ನು ಹೊರಡಿಸಿದಳು. ಡ್ರೈವರ್ ಲಾರೆನ್ಸ್ ಮೂವರನ್ನೂ ಗಿಗಿರಿ ಕಡೆಯ ಒಂದು ಮಾಲಿಗೆ ಕರೆದೊಯ್ದ. ವಿನೋದಿನಿ ಸೂಪರ್ ಮಾರ್ಕೆಟ್ಟಿನೊಳಗೆ ಹೋದಳು. ಅಪ್ಪ ಮಗಳು ಹೊರಗಿನ ಬೆಂಚಿನ ಮೇಲೆ ಕೂತರು. ಅಮೂಲ್ಯ ಎದುರಿನ ಅಂಗಡಿಗೆ ಜ್ಯೂಸ್ ತರಲು ಎದ್ದಳು.

ಬೆಂಚಿನ ಬೆನ್ನಿಗೇ ಇದ್ದ ಖಾಲಿ ಮಳಿಗೆಯೊಂದರಲ್ಲಿ ರಿಪೇರಿ ನಡೆದಿತ್ತು. ಅದರ ಕಬ್ಬಿಣದ ಶಟರು ಕೈತಪ್ಪಿ ಒಮ್ಮೆಲೇ ಧಡಾರನೆ ಕೆಳಗೆ ಬಿತ್ತು. ಗುರುದತ್ತ ಬೆಚ್ಚಿಬಿದ್ದು ಎದ್ದು ನಿಂತು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದ.

"ರನ್! ರನ್! ರನ್!"

ನೈರೋಬಿಯ ಜನ ಮಾಲಿನಲ್ಲಿ ದೊಡ್ಡ ಸದ್ದು ಕೇಳಿದರೆ ಅದೇನೆಂದು ನಿಂತು ನೋಡುವವರಲ್ಲ. ಹಿಂದೊಮ್ಮೆ ಇಂಥದೇ ಮಾಲಿಗೆ ಬಂದೂಕುಧಾರಿಗಳು ನುಗ್ಗಿದಾಗ ಅವರು ನೋಡಬಾರದ್ದನ್ನು ನೋಡಿದ್ದಾರೆ. ಸದ್ದಿನ ಹಿಂದೆಯೇ ಓಡು ಎಂಬ ಕೂಗು. ಕ್ಷಣದಲ್ಲಿ ಕುರ್ಚಿಗಳು ಉರುಳಿದವು, ಟ್ರಾಲಿಗಳು ಮಗುಚಿದವು. ತಾಯಂದಿರು ಮಕ್ಕಳನ್ನು ಬಾಚಿಕೊಂಡು ಬಾಗಿಲ ಕಡೆ ನುಗ್ಗಿದರು. ಸೂಪರ್ ಮಾರ್ಕೆಟ್ಟಿನ ಹುಡುಗಿಯರು ಗಲ್ಲಾದ ಕೆಳಗೆ ಬಗ್ಗಿ ಕೂತರು.

ಹಾಲಿನ ಪ್ಯಾಕೆಟ್ಟು ಹಿಡಿದು ನಿಂತಿದ್ದ ವಿನೋದಿನಿಗೆ ಕೇಳಿಸಿದ್ದು ಓಡು ಎಂಬ ಮಾತಲ್ಲ. ಅವರು ಕರೀತಿದ್ದಾರೆ ಎಂದುಕೊಂಡಳು. ಮಾಲಿನ ಬಾಗಿಲಿಗೆ ನುಗ್ಗುತ್ತಿದ್ದ ಜನರ ನಡುವೆ, ಎದುರು ದಿಕ್ಕಿಗೆ, ಬೆಂಚಿನ ಕಡೆ ನಡೆದುಕೊಂಡೇ ಹೋದಳು. ಯಾರೋ ಭುಜಕ್ಕೆ ಗುದ್ದಿದರು. ಯಾರೋ "ಮಾಮಾ, ಅಲ್ಲಿಗೆ ಹೋಗಬೇಡಿ!" ಎಂದು ಕೈ ಎಳೆದರು. ಅವಳು ಕೈ ಬಿಡಿಸಿಕೊಂಡಳು. ಅವಳಿಗೆ ಭಯವೂ ಆಗಲಿಲ್ಲ.

ಅವಳು ತಲುಪುವಷ್ಟರಲ್ಲಿ ಇಬ್ಬರು ಗಾರ್ಡುಗಳು ಗುರುದತ್ತನನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಅವನ ಕೆನ್ನೆ ಟೈಲ್ಸಿಗೆ ಒತ್ತಿತ್ತು, ಕನ್ನಡಕ ದೂರ ಹಾರಿತ್ತು. ಅಮೂಲ್ಯ ಅವರ ತೋಳು ಜಗ್ಗುತ್ತ ಕಿರಿಚುತ್ತಿದ್ದಳು.

ಆಫೀಸಿಗೆ ಕರೆದೊಯ್ದು ಕೂರಿಸಿದ ಮೇಲೆ ಗಾರ್ಡುಗಳ ಮುಖ್ಯಸ್ಥ ಅವನನ್ನು ಕೇಳಿದ, "ನಿನ್ನ ಹೆಸರೇನು?"

"ರನ್."

"ತಮಾಷೆ ಮಾಡುತ್ತೀಯಾ? ಯಾಕೆ ಹಾಗೆ ಕೂಗಿದೆ?"

"ರನ್," ಎಂದ ಗುರುದತ್ತ, ತಲೆ ಅಲ್ಲಾಡಿಸಿ, ಅಲ್ಲ ಅಲ್ಲ ಎಂಬ ದನಿಯಲ್ಲಿ.

"ಅವರಿಗೆ ಇರೋದೇ ಅದೊಂದು ಪದ," ಎಂದಳು ವಿನೋದಿನಿ ಇಂಗ್ಲಿಷಿನಲ್ಲಿ. "ಸ್ಟ್ರೋಕ್ ಆಗಿದೆ. ಬೇರೇನೂ ಬರೋದಿಲ್ಲ."

ಮುಖ್ಯಸ್ಥ ಗುರುದತ್ತನ ಸೊಟ್ಟ ಬಾಯಿಯನ್ನೂ ಜೋತ ಬಲಗೈಯನ್ನೂ ಆಗ ಸರಿಯಾಗಿ ನೋಡಿದ. ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ. "ಪೋಲೆ, ಮಾಮಾ," ಎಂದು ಮರುಗಿದ. ಕನ್ನಡಕ ಹುಡುಕಿಸಿ, ಒರೆಸಿ ತಾನೇ ತಂದುಕೊಟ್ಟ. ಆಮೇಲೆ ಬಾಗಿಲವರೆಗೆ ಬಂದು, ಇನ್ನೊಮ್ಮೆ ಅವರನ್ನು ಇಲ್ಲಿಗೆ ಕರೆತರಬೇಡಿ ಎಂದೂ ಹೇಳಿದ. ನೂಕಾಟದಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಿದ್ದು ಕೈ ಮುರಿದುಕೊಂಡಿದ್ದಾಳೆ ಎಂದು ತಿಳಿದದ್ದು ಅಲ್ಲೇ.

ಆಕೆಯ ಹೆಸರು ಲವೀನಾ. ಗೋವಾ ಮೂಲದವಳು, ಹುಟ್ಟಿ ಬೆಳೆದದ್ದೆಲ್ಲ ನೈರೋಬಿಯಲ್ಲಿ, ಪಿಯಾನೊ ಕಲಿಸುತ್ತ ಒಬ್ಬಳೇ ಇರುವವಳು. ಮರುವಾರ ವಿನೋದಿನಿ ಹಣ್ಣು ಕಟ್ಟಿಸಿಕೊಂಡು ಗುರುದತ್ತನ ಜೊತೆ ಆಕೆಯ ಮನೆಗೆ ಹೋದಳು. ಬೈದರೆ ಬೈಸಿಕೊಂಡು ಬರುವುದು ಎಂದುಕೊಂಡಿದ್ದಳು. ಲವೀನಾ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ಪಿಯಾನೊದ ಮುಚ್ಚಳ ಮುಚ್ಚಿತ್ತು. ವಿಷಯವನ್ನೆಲ್ಲ ಕೇಳಿ ತನ್ನ ಕಾಲನ್ನು ನೋಡಿಕೊಂಡಳು.

"ನಾನು ಓಡಿದ್ದು ಎಷ್ಟು ವರ್ಷದ ಮೇಲೋ ಏನೋ," ಎಂದಳು. "ಈ ಕಾಲಲ್ಲಿ ಅಷ್ಟು ಓಟ ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ. ನಿಜಕ್ಕೂ ಏನು ಹೇಳಲಿಕ್ಕೆ ಹೊರಟಿದ್ದರು ಅವರು?"

"ಗೊತ್ತಿಲ್ಲ," ಎಂದಳು ವಿನೋದಿನಿ.

ಗುರುದತ್ತ ಕೋಲು ಊರಿ ಎದ್ದ. ಲವೀನಾಳ ಮುಂದೆ ಹೋಗಿ ನಿಂತು, ಎಡಗೈಯಿಂದ ಆ ಪ್ಲಾಸ್ಟರಿನ ಅಂಚನ್ನು ಮುಟ್ಟಿಯೂ ಮುಟ್ಟದ ಹಾಗೆ ಮುಟ್ಟಿದ. "ರನ್," ಎಂದ.

"ಇರಲಿ," ಎಂದಳು ಲವೀನಾ. "ಮೂಳೆ ಕೂಡಿಕೊಳ್ಳುತ್ತದೆ. ಇರಲಿ ಬಿಡಿ."

ಕ್ಷಮೆ ಕೇಳಿದ ದನಿ ಅದು. ವಿನೋದಿನಿ ಆ ದನಿಯನ್ನು ಹಿಂದೆ ಕೇಳಿರಲಿಲ್ಲ. ಮಾತಿದ್ದ ಕಾಲದಲ್ಲಿ ಅವನು ತಪ್ಪಾಯಿತು ಎಂದವನಲ್ಲ. ಮಾತಿನಿಂದಲೇ ಸುತ್ತಿ ಬಳಸಿ, ನಗಿಸಿ ದಾಟಿಬಿಡುತ್ತಿದ್ದ. ಈಗ ಕೇಳಿದ, ಅದೂ ಯಾರೋ ಹೆಂಗಸಿನ ಹತ್ತಿರ. ನನ್ನ ಹತ್ತಿರ ಒಂದು ಸಲವೂ ಕೇಳಲಿಲ್ಲವಲ್ಲ ಎನಿಸಿತು ಅವಳಿಗೆ. ನೋವೋ, ಹೊಟ್ಟೆಕಿಚ್ಚೋ. ಬಹಳ ದಿನದ ಮೇಲೆ ಅವಳಿಗೆ ಏನಾದರೂ ಆದದ್ದು ಅದೊಂದೇ. ಕಾರು ಹತ್ತುವಷ್ಟರಲ್ಲಿ ಅದೂ ಇಳಿದುಹೋಯಿತು.

ಕಂಪನಿ ಕಾದಷ್ಟು ಕಾದಿತು. ಒಂದು ಸಂಜೆ ರಜತ್ ಬಂದು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸುತ್ತ ಕೂತ.

"ಮೇಡಂ, ಪ್ರಾಜೆಕ್ಟ್ ಇನ್ಮೇಲೆ ನಾನು ರನ್ ಮಾಡ್ಬೇಕಂತೆ," ಎಂದವನು ಪದ ಕೇಳಿ ತಾನೇ ನಾಲಿಗೆ ಕಚ್ಚಿಕೊಂಡ. "ಸಾರಿ. ನೋಡ್ಕೋಬೇಕಂತೆ. ಸರ್‌ದು ಪೋಸ್ಟಿಂಗ್ ಕಂಪನಿಯವರು ಮುಗಿಸ್ತಾರೆ. ನೀವು ವಾಪಸ್ ಹೋಗೋ ಏರ್ಪಾಡು ಅವರೇ ಮಾಡ್ತಾರೆ."

ಗುರುದತ್ತ ಎಡಗೈ ಚಾಚಿ ರಜತ್‌ನ ಬೆನ್ನು ತಟ್ಟಿದ. "ರನ್," ಎಂದ. ಚೆನ್ನಾಗಿ ಮಾಡು ಎಂದ ಹಾಗಿತ್ತು. ರಜತ್ ಬಾಲ್ಕನಿಗೆ ಹೋಗಿ ಮುಖ ಒರೆಸಿಕೊಂಡು ಬಂದ.

ಹರ್ಷ ಫೋನಿನಲ್ಲಿ, "ಬಂದ್ಬಿಡೇ ಅಕ್ಕ. ಇಲ್ಲಿ ಭಾವ ರನ್ ಅಂದ್ರೆ ಕ್ರಿಕೆಟ್ ಅಂದ್ಕೋತಾರೆ, ಯಾರೂ ಓಡಲ್ಲ," ಎಂದ. ಮಾತಿನಲ್ಲಿ ಅರ್ಥವಿತ್ತು. ಆದರೆ ಅಮೂಲ್ಯಳ ಶಾಲೆ ಇನ್ನೂ ಎರಡು ವರ್ಷ ಇತ್ತು, ಹೆಲನ್ ಇಲ್ಲಿದ್ದಳು. ವಿನೋದಿನಿ ಯಾರನ್ನೂ ಕೇಳದೆ ನೈರೋಬಿಯ ಲ್ಯಾಬುಗಳಿಗೆಲ್ಲ ಅರ್ಜಿ ಹಾಕಿದಳು. ಒಂದು ಕಡೆ ಕರೆದರು. ಕೆಲಸದ ಪರ್ಮಿಟ್ಟಿಗೆ ಅಲೆದಾಡಿ, ಬರುವವರೆಗೆ ಕಾದು, ಮತ್ತೆ ಬಿಳಿ ಕೋಟು ಹಾಕಿಕೊಂಡಳು. ಹಗಲು ಗುರುದತ್ತನ ಜೊತೆಗಿರಲು ಒಬ್ಬ ನರ್ಸು ಬರುತ್ತಾನೆ. ಅವಳು ಮಟಾಟು ವ್ಯಾನು ಹತ್ತಿ ಹೋಗುತ್ತಾಳೆ. ಟೆಸ್ಟ್ ಟ್ಯೂಬುಗಳ ನಡುವೆ ಮಾತಿಲ್ಲದ ಆ ಹೊತ್ತು ಅವಳಿಗೆ ಹಿಡಿಸುತ್ತದೆ.

ಮೊನ್ನೆ ಅವಳು ಕೆಲಸದಿಂದ ಬಂದಾಗ ನರ್ಸು ಹೊರಟಿದ್ದ, ಅಮೂಲ್ಯ ಗೆಳತಿಯ ಮನೆಯಲ್ಲಿದ್ದಳು. ಗುರುದತ್ತ ಕಿಟಕಿಯ ಬಳಿ ಕೂತು, "ರನ್," ಎಂದ. ಅವಳು ನೀರು ಕೊಟ್ಟಳು. ಲೋಟ ತಳ್ಳಿದ. ಟಿ.ವಿ. ಹಾಕಿದಳು, ಆರಿಸು ಎಂಬಂತೆ ಕೈಯಾಡಿಸಿದ. ಬಚ್ಚಲೇ, ಹಸಿವೇ, ಚಳಿಯೇ, ಮಗಳೇ, ಮೈಸೂರೇ, ಒಂದೊಂದೇ ಕೇಳಿದಳು. ಪ್ರತಿ ಸಲ ತಲೆಯಾಡಿಸಿ ಇನ್ನಷ್ಟು ಜೋರಾಗಿ ರನ್ ಎಂದ. ಮುಖ ಕೆಂಪಾಯಿತು. ಹೆಲನ್ ಕೊಟ್ಟ ಚಿತ್ರಗಳನ್ನು ಅವಳು ಮುಂದೆ ಹರಡಿದಳು. ಅವನು ನೋಡಿ ಪಕ್ಕಕ್ಕೆ ಸರಿಸಿದ.

ಅವಳು ಅವನ ಕಾಲ ಬಳಿಯ ಸ್ಟೂಲಿನ ಮೇಲೆ ಕೂತಳು.

"ಗೊತ್ತಾಗ್ಲಿಲ್ಲ ರೀ," ಎಂದಳು.

ಇಷ್ಟು ದಿನ ಅವಳು ಅವನಿಗೆ ಆ ಮಾತು ಹೇಳಿರಲಿಲ್ಲ. ಗೊತ್ತಾಗದಿದ್ದರೂ ಹೂಂ, ಆಯ್ತು, ಮಾಡ್ತೀನಿ ಎಂದೇ ದಾಟಿಸಿದ್ದಳು. ಅವನು ಅವಳನ್ನು ಸ್ವಲ್ಪ ಹೊತ್ತು ನೋಡಿದ. ಕೋಪವೆಲ್ಲ ಮುಖದಿಂದ ನಿಧಾನವಾಗಿ ಇಳಿಯಿತು. ಎಡಗೈಯನ್ನು ತಂದು ಅವಳ ತಲೆಯ ಮೇಲಿಟ್ಟ. ಇಬ್ಬರೂ ಹಾಗೇ ಕೂತಿದ್ದರು. ಕೆಳಗೆ ರಸ್ತೆಯಲ್ಲಿ ಸಂಜೆಯ ಗಾಡಿಗಳು ಒಂದಕ್ಕೊಂದು ಹಾರ್ನ್ ಹೊಡೆಯುತ್ತಿದ್ದವು. ಅವನಿಗೆ ಏನು ಬೇಕಿತ್ತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕತ್ತಲಾಗುತ್ತ ಬಂದ ಮೇಲೆ ಅವಳು ಎದ್ದು ಅನ್ನಕ್ಕೆ ಇಟ್ಟಳು.