ಸುರಪುರದ ಒಪೆರಾ ಮತ್ತು ಭೀಮರಾಯ ಮಾಸ್ತರರ ಗದ್ದ

ಕೋವಿಡ್ ಕಳೆದ ಮೇಲಿನ ಮಾತು. ಮುಂಬೈಯ ವಾದ್ಯವೃಂದವೊಂದರ ಕಂಡಕ್ಟರ್ ಹುದ್ದೆಯಿಂದ ನಿವೃತ್ತನಾಗಲು ನನಗೆ ಆರು ತಿಂಗಳಿತ್ತು. ಕಂಡಕ್ಟರ್ ಎಂದರೆ, ತಾನು ಒಂದು ಸ್ವರವನ್ನೂ ನುಡಿಸದೆ, ಎದುರಿಗೆ ನಿಂತು ಕೋಲಾಡಿಸಿ ಉಳಿದವರನ್ನೆಲ್ಲ ಒಟ್ಟಿಗೆ ನಡೆಸುವ ಮನುಷ್ಯ. ಮೂವತ್ತೊಂದು ವರ್ಷ ಆ ಕೋಲಿನ ಅನ್ನ ಉಂಡೆ. ನನ್ನ ಕ್ಷೇತ್ರ ಆಧುನಿಕ ಸಂಗೀತ ಮತ್ತು ಒಪೆರಾ, ಅಂದರೆ ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ.

ನಾನು ಹುಟ್ಟಿದ್ದು ಶಹಾಪುರದಲ್ಲಿ. ನಮ್ಮ ಕಡೆಯ ಜನ ಒಮ್ಮೆಯಾದರೂ ನನ್ನ ಕೈ ನೋಡಿ ಹಾಡಬೇಕೆಂಬುದು ಹಳೆಯ ಆಸೆ. ಅದಕ್ಕಾಗಿಯೇ ನಲವತ್ತು ನಿಮಿಷದ ಹೊಸ ಕನ್ನಡ ಒಪೆರಾವೊಂದನ್ನು ಸುರಪುರದಲ್ಲಿ ಆಡಿಸಲು ನಿಂತೆ. ಮುಂಬೈಯಿಂದ ಹದಿನಾಲ್ಕು ವಾದಕರು, ಹಾಡಲು ದೋರನಹಳ್ಳಿಯ ದೊಡ್ಡಾಟದ ಮೇಳದ ಒಂಬತ್ತು ಜನ. ಒಪೆರಾ ಎಂದರೇನೆಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ರಾಣಿಯ ಪಾತ್ರದ ನಾಗಮ್ಮ ಪೂರ್ತಿ ಕೇಳಿ, “ಆಟ ಅನ್ರಲ್ಲ ಸರ್, ಯಾಕಿಷ್ಟು ಸುತ್ತಾಡಸ್ತೀರಿ” ಎಂದಳು.

ಮೇಳಕ್ಕೆ ಆಟ ಕಲಿಸಿದವರು ಭೀಮರಾಯ ಮಾಸ್ತರರು. ಹೊಲದ ಕೆಲಸ ಮುಗಿಸಿ ಬಂದು ಹಾರ್ಮೋನಿಯಂ ಹಿಡಿಯುವವರು. ಸ್ವರ-ತಾಳ ಬರೆದಿಡುವ ನನ್ನ ನೊಟೇಶನ್ ಅವರಿಗೆ ಓದಲು ಬಾರದು. ಆದರೆ ದೊಡ್ಡಾಟದಲ್ಲಿ ಮಾಸ್ತರರ ಮುಖ ನೋಡದೆ ಯಾರೂ ಪದ ಎತ್ತುವುದಿಲ್ಲ. ಈ ಒಪೆರಾದಲ್ಲಿ ತಾಳ ಏಳು ಮಾತ್ರೆಯಿಂದ ಐದಕ್ಕೆ, ಐದರಿಂದ ಮೂರಕ್ಕೆ ಹಾರುತ್ತದೆ. ಮೊದಲ ದಿನದ ತಾಲೀಮಿನಲ್ಲಿ, ಎಲ್ಲಿ ಹಾಡು ಎತ್ತಬೇಕೆಂದು ನಾನು ಎರಡೂ ಕೈ ಬೀಸಿ ತೋರಿಸುವಾಗ ಒಂಬತ್ತು ಜೋಡಿ ಕಣ್ಣುಗಳು ಮೂಲೆಯ ಹಾರ್ಮೋನಿಯಂ ಕಡೆ. ಮಾಸ್ತರರು ಗದ್ದ ತುಸು ಎತ್ತಿದರು; ಎಲ್ಲರೂ ಬರೋಬ್ಬರಿ ಹಾಡಿದರು.

ನನ್ನದು ಜರ್ಮನಿಯಲ್ಲಿ ಮೂರು ವರ್ಷ ಪಳಗಿದ ಕೈ. ಅವರದು ಬರೀ ಗದ್ದ, ಅದೂ ವಾರದಿಂದ ಬೋಳಿಸದ್ದು. ಯಾದಗಿರಿಯ ಲಾಡ್ಜಿನ ಕನ್ನಡಿಯೆದುರು ನಾನೂ ಗದ್ದ ಎತ್ತಿ ನೋಡಿದೆ. ಕ್ಷೌರಕ್ಕೆ ಕೂತವನಂತೆ ಕಂಡೆ.

ಹೊಟ್ಟೆಕಿಚ್ಚು ಸುಶಿಕ್ಷಿತರಿಗೆ ಬಂದಾಗ ಸನ್ಮಾನದ ರೂಪ ತಾಳುತ್ತದೆ. ಪ್ರದರ್ಶನಕ್ಕೆ ಎರಡು ದಿನವಿರುವಾಗ ಮಾಸ್ತರರಿಗೆ ಹೇಳಿದೆ: “ಈ ಕೃತಿಯಲ್ಲಿ ಹಾರ್ಮೋನಿಯಂ ಇಲ್ಲ. ಅವತ್ತು ತಾವು ಮುಖ್ಯ ಅತಿಥಿ. ಮೊದಲ ಸಾಲಿನ ನಡುವೆ ಕುರ್ಚಿ, ಶಾಲು.”

ಅವರು ಒಂದು ಕ್ಷಣ ನನ್ನನ್ನು ನೋಡಿ, “ಆಗ್ಲಿರಿ” ಎಂದರು.

ಪ್ರದರ್ಶನದ ಸಂಜೆ ಪವಾಡ ನಡೆಯಿತು. ಹಾಡುವವರೆಲ್ಲ ನೆಟ್ಟ ಕಣ್ಣಿನಿಂದ ನನ್ನತ್ತಲೇ ನೋಡಿದರು. ಏಳರಿಂದ ಐದಕ್ಕೆ ಹಾರುವಲ್ಲಿ ನಾಗಮ್ಮನ ದನಿ ಕೂದಲೆಳೆ ತಪ್ಪಲಿಲ್ಲ. ಒಪೆರಾ ಮುಗಿದಾಗ ನನ್ನ ಕಣ್ಣು ಒದ್ದೆಯಾಗಿತ್ತು.

ಚಹಾ ಕುಡಿಯುತ್ತ ನಾಗಮ್ಮನಿಗೆ ಹೇಳಿದೆ: “ಕಡೆಗೂ ನನ್ನ ಕೈ ನೋಡಿದಿರಿ.”

“ನಿಮ್ಮ ಕೈ ಯಾರು ನೋಡ್ಯಾರ್ರಿ ಸರ್? ಅದು ಅಡ್ಡ ಬರಾಕತ್ತಿತ್ತು. ನಿಮ್ಮ ಬೆನ್ನ ಹಿಂದ ಮಾಸ್ತರು ಕುಂತಿದ್ರಲ್ಲ.”

ನಾನೇ ಹಾಕಿಸಿದ ಕುರ್ಚಿ. ಪಕ್ಕದಲ್ಲಿ ಶಾಲು ಮಡಚುತ್ತಿದ್ದ ಮಾಸ್ತರರ ಕಡೆ ತಿರುಗಿ, ತುಸು ಗಡುಸಾಗಿಯೇ ಕೇಳಿದೆ: “ನೊಟೇಶನ್ ಬಾರದೆ ಐದು, ಏಳು ನಿಮಗೆ ಹೇಗೆ ತಿಳಿಯಿತು?”

“ನನಗೇನು ತಿಳೀತದ್ರಿ? ಮೊದಲ ದಿನದಿಂದ ನಿಮ್ಮನ್ನ ನೋಡಾಕತ್ತೇನಿ. ಕೈ ಬೀಳೂಕಿಂತ ಮುಂಚೆ ನಿಮ್ಮ ಹೆಗಲು ಏರ್ತದ. ಅದು ಏರಿದ್ರ ನಾ ಇವರಿಗೆ ಹೇಳತೀನಿ.”

ಇಡೀ ಜಿಲ್ಲೆಯಲ್ಲಿ ನನ್ನನ್ನು ನಿಜವಾಗಿ ನೋಡಿದವರು ಅವರೊಬ್ಬರೇ. ಅವರನ್ನೇ ನಾನು ಶಾಲು ಹೊದಿಸಿ ಗಡೀಪಾರು ಮಾಡಿದ್ದೆ.

ಮುಂದಿನ ತಿಂಗಳು ಯಾದಗಿರಿಯ ಪ್ರದರ್ಶನದಲ್ಲಿ ಅವರನ್ನು ವೇದಿಕೆಗೆ ಕರೆದು ನನ್ನ ಪಕ್ಕದಲ್ಲೇ ಕೂಡಿಸಿಕೊಂಡೆ. ಚಪ್ಪಾಳೆ ಅವರಿಗೇ ಹೆಚ್ಚು ಬಿತ್ತು. ಹೊಟ್ಟೆಕಿಚ್ಚು ಆರಿತೆಂದು ಬರೆದರೆ ಸುಳ್ಳಾದೀತು. ಆದರೆ ಕೆಲಸ ಕಲಿಸಿದ್ದಿಷ್ಟು: ಯಾವ ಹೊಸ ಮೇಳದೆದುರು ನಿಂತರೂ ಕೋಲು ಎತ್ತುವ ಮೊದಲು, ಇವರು ಯಾರ ಮುಖ ನೋಡುತ್ತಾರೆಂದು ಹುಡುಕಬೇಕು. ಅದು ನನ್ನದಲ್ಲವೆಂದು ಗೊತ್ತಾದಾಗ ಈಗಲೂ ಒಂದು ಲೋಟ ನೀರು ಕುಡಿದೇ ಶುರು ಮಾಡುತ್ತೇನೆ.