ಕೊನೇ ಕಾಳಗಕ್ಕೆ ಕಾಮೆಂಟರಿ

ಹೋರಿ ಬೆದರಿಸುವ ಹಬ್ಬಗಳಲ್ಲಿ ಮೈಕ್ ಹಿಡಿಯುವ ತೊಗರ್ಸಿಯ ಉಚ್ಚಂಗಪ್ಪನವರು ಒಂದು ಮಾತನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು: "ಓಡೋದು, ಹಾರೋದು, ಬಡಿದಾಡೋದು ಯಾವ್ದೇ ಇರ್ಲಿ, ಅದು ಮುಗಿಯೋದ್ರೊಳಗೆ ನನ್ನ ವರ್ಣನೆ ಮುಗಿದಿರ್ತೈತಿ. ನನ್ನ ಬಾಯಿ ಕಟ್ಟಿಸೋ ಕಾಳಗ ಇನ್ನೂ ಹುಟ್ಟಿಲ್ಲ."

ಪೂರ್ತಿ ಸುಳ್ಳೇನಲ್ಲ. ದೀಪಾವಳಿ ಕಳೆದ ಮೇಲೆ ಕೊರಳ ತುಂಬ ಕೊಬ್ಬರಿ ಸರ ಹೊತ್ತ ಹೋರಿಗಳು ನುಗ್ಗುವಾಗ, ಆ ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುವಾಗ, ಜನಕ್ಕೆ ಕಾಣುವುದು ಧೂಳು ಮಾತ್ರ. ಧೂಳಿನೊಳಗೆ ಏನಾಯಿತು ಅನ್ನುವುದು ಉಚ್ಚಂಗಪ್ಪನವರ ಬಾಯಿಂದಲೇ ತಿಳಿಯಬೇಕು. ಒಮ್ಮೆ ಅವರ ವರ್ಣನೆ ಕೇಳಿ ಹಿಡಿಯಲು ಬಂದ ಹುಡುಗರೆಲ್ಲ ಬೇಲಿ ಹತ್ತಿಬಿಟ್ಟರು. ಹೋರಿ ಇನ್ನೂ ಕೊಟ್ಟಿಗೆಯಲ್ಲಿ ಹುಲ್ಲು ಮೇಯುತ್ತಿತ್ತು. ಇನ್ನೊಮ್ಮೆ ಅವರ ಗಂಟಲಿಗೆ ಗುಡವಿ ಪಕ್ಷಿಧಾಮದ ಹಕ್ಕಿಗಳೆಲ್ಲ ಎದ್ದು ಹೋಗಿ, ವಾಪಸಾಗುವ ಮುಂಚೆ ಒಂದು ಕೊಕ್ಕರೆಯನ್ನು ಕಳಿಸಿ ಹಬ್ಬ ಮುಗಿಯಿತೇ ಎಂದು ವಿಚಾರಿಸಿಕೊಂಡವಂತೆ. ಹೆಂಡತಿ ಲೋಕಮ್ಮ ಇವರ ಜೊತೆ ಮಾತಿಲ್ಲದೆ ಸಂಸಾರ ಮಾಡಿದಳು. ಮನಸ್ತಾಪದಿಂದಲ್ಲ, ಸಂದು ಸಿಗದೆ.

ಈ ವರ್ಷ ಸೊರಬದ ಕಡೆಯ ಒಂದು ಹಬ್ಬದ ಸಮಿತಿ ಬೇರೆ ಲೆಕ್ಕ ಹಾಕಿತು. ಸಮಿತಿಯ ಮುಂದಾಳು ಯತೀಶ ಅವರನ್ನು ಮನೆಗೆ ಕರೆಸಿ, ಚಹಾ ಕೊಟ್ಟು, ಬಿಸಿ ಆರುವ ಮೊದಲೇ ವಿಷಯ ಹೇಳಿದ.

"ಬೇಜಾರು ಮಾಡ್ಕೋಬೇಡಿ ಮಾರಾಯ್ರೇ. ಹುಡುಗರು ಡಿಜೆ ಒಂದೇ ಸಾಕು ಅಂತಿದಾರೆ. ನಿಮ್ಮ ‘ಬಿರುಗಾಳಿ ಬಂತು, ಸಿಡಿಲು ಬಂತು’ ಕೇಳಿ ಕೇಳಿ ಹೋರಿಗಳಿಗೂ ಬಾಯಿಪಾಠ ಆಗಿದೆ."

ಉಚ್ಚಂಗಪ್ಪನವರು ಲೋಟ ಕೆಳಗಿಟ್ಟರು. ಮೈಕ್ ಹೋದರೆ ಆ ಗಂಟಲಿಗೆ ಉಳಿಯುವುದು ಬರೀ ಕೆಮ್ಮು. "ಈಗಿನ ಹುಡುಗ್ರು ಕಣ್ಣು ಕೀಳದೆ ನೋಡೋದಾದ್ರೂ ಏನು? ತೋರ್ಸು. ಅದಕ್ಕೂ ಹೇಳ್ತೀನಿ."

ಯತೀಶನ ಮಗಳು ರಕ್ಷಿತಾ, ಕಾಲೇಜಿಗೆ ಹೋಗುವವಳು, ಇದಕ್ಕೇ ಕಾದಿದ್ದವಳಂತೆ ಟಿವಿ ಹಚ್ಚಿದಳು. "ಹಾಗಾದ್ರೆ ನನ್ನ ಅನಿಮೆದು ಕೊನೇ ಫೈಟ್ ಹಾಕ್ತೀನಿ. ಸೌಂಡ್ ಬಂದ್ ಮಾಡ್ತೀನಿ, ಅಜ್ಜ ಹೇಳ್ಲಿ."

"ಚಿತ್ರ ಬರೆದು ಕುಣಿಸೋದಾ?"

"ಜಪಾನಿನವರದು ಅಜ್ಜ. ಸೂಪರ್ ಹೀರೋ. ಊರವರ ನೋವನ್ನೆಲ್ಲ ಮೈಗೆ ಎಳ್ಕೊಂಡು, ಅದನ್ನೇ ಬೆಳಕು ಮಾಡಿ ಹೊಡೀತಾನೆ. ಎದುರಿಗಿರೋನು ಬೆಳಕು ನುಂಗೋನು."

"ಹಾಕವ್ವ. ನಮ್ಮ ಹೋರಿಗಿಂತ ಜೋರಾ ನೋಡೋಣ."

ಹೇಳಿ ಮುಗಿಸಿದರೆ ಮೈಕ್ ಅವರದು, ತಡವರಿಸಿದರೆ ಡಿಜೆ. ಈ ಪಣಕ್ಕೆ ಯತೀಶನೂ ಒಪ್ಪಿದ. ಉಚ್ಚಂಗಪ್ಪನವರು ಎದ್ದು, ಮೈಕಿಲ್ಲದ್ದಕ್ಕೆ ರಿಮೋಟನ್ನೇ ಬಾಯಿಗೆ ಹಿಡಿದರು. "ಬರ್ತಾ ಇದಾನೆ ನೋಡ್ರಪ್ಪಾ, ಮೂಗಿಗಿಂತ ಕಣ್ಣು ದೊಡ್ಡದಿರೋ ನಮ್ಮ ಹುಡುಗ..."

ಅಷ್ಟರಲ್ಲಿ ಹುಡುಗ ಹಾರಿದ. ಒಂದು ಗುದ್ದಿಗೆ ಮೋಡ ಬಾಳೆಲೆಯಂತೆ ನಡುವೆ ಸೀಳಿತು. ಊರಿಗೆ ಊರೇ ಹಪ್ಪಳದಂತೆ ಮುರಿದು ಮೇಲೆದ್ದಿತು. ಎದ್ದ ಮನೆಯಿಂದ ಮನೆಗೆ ಕಾಲಿಡುತ್ತಾ ಹುಡುಗ ಆಕಾಶ ಹತ್ತಿದ. ಅವನ ಮೈಯ ನೇರಳೆ ಬೆಳಕು ಯತೀಶನ ಸುಣ್ಣದ ಗೋಡೆಯಿಂದ ಇನ್ನೂ ಪೂರ್ತಿ ಹೋಗಿಲ್ಲ ಅನ್ನುವವರಿದ್ದಾರೆ. ಒಂದೊಂದು ಏಟಿಗೂ ಹುಡುಗನ ಬೆಳಕು ಇಳಿಯಿತು, ಮಿಣುಕು ಹುಳದಷ್ಟಾಯಿತು. ಆಮೇಲೆ ಕೊನೆಯ ಗುದ್ದು. ಹೊರಟಿತು, ತಾಗಲಿಲ್ಲ. ಕೈ ಇನ್ನೂ ದಾರಿಯಲ್ಲಿರುವಾಗಲೇ ಲೋಕವೆಲ್ಲ ನಿಂತು, ಆ ಇಬ್ಬರೂ ಚಿಕ್ಕವರಾಗಿ ಒಂದೇ ಕೊಡೆಯಡಿ ಶಾಲೆಗೆ ಹೋಗುತ್ತಿದ್ದುದು ಬಂದು ಹೋಯಿತು. ಮತ್ತೆ ಮುಷ್ಟಿ.

ಉಚ್ಚಂಗಪ್ಪನವರ ಬಾಯಿ ತೆರೆದದ್ದು ತೆರೆದೇ ಇತ್ತು. ನಾಲಿಗೆ ಸಿದ್ಧವಿತ್ತು, ಹೇಳಲು ಏನೂ ಉಳಿದಿರಲಿಲ್ಲ. ಹೋರಿಯೋ ಕಣ್ಣು ಮಿಟುಕಿಸುವುದರೊಳಗೆ ಮಾಯ. ಕಾಣದೆ ಹೋದದ್ದನ್ನೆಲ್ಲ ಅವರು ಮಾತಿನಲ್ಲಿ ತುಂಬಿಕೊಡುತ್ತಿದ್ದರು. ಇಲ್ಲಿ ಧೂಳಿನ ಒಂದೊಂದು ಕಣವನ್ನೂ ಯಾರೋ ಕೂತು ಬರೆದಿದ್ದರು. ಒಂದು ಏಟಿನೊಳಗೆ ಏನೇನಿರುತ್ತದೆ ಅನ್ನುವುದನ್ನು ಅವರು ಜೀವಮಾನವೆಲ್ಲ ಕೂಗಿದ್ದರು. ಕಣ್ಣಾರೆ ಕಂಡದ್ದು ಇವತ್ತೇ. ಹಾಗೇ ಕುರ್ಚಿಯಲ್ಲಿ ಕೂತರು. ರಿಮೋಟು ಮಾತ್ರ ಬಾಯಿಯ ಮುಂದಿನಿಂದ ಕದಲಲಿಲ್ಲ.

ಪರದೆ ಕಪ್ಪಾಯಿತು. ರಕ್ಷಿತಾ ಮೂಗು ಒರೆಸಿಕೊಂಡಳು.

"ಆ ಕೊಡೆ ಇಬ್ರಲ್ಲಿ ಯಾರ್ದವ್ವ?" ಕೇಳಿದರು ಉಚ್ಚಂಗಪ್ಪ.

"ಕೆಟ್ಟವಂದು, ಅಜ್ಜ."

"ಅದಕ್ಕೇ ಮತ್ತೆ, ಆ ಕೈ ದಾರೀಲೇ ನಿಂತಿದ್ದು," ಅಂದರು.

ಯತೀಶ ಕುರ್ಚಿ ಮುಂದಕ್ಕೆಳೆದುಕೊಂಡ. "ಮೂಗು, ಕಣ್ಣು ಅಂದಿದ್ದೇ ಕೊನೆ. ಈಗ ಹೇಳ್ತೀರಿ, ಇನ್ನೇನು ಹೇಳ್ತೀರಿ ಅಂತ ಶುರುವಿಂದ ಕೊನೇ ತನಕ ನಿಮ್ಮ ಬಾಯಿನೇ ನೋಡ್ತಾ ಕೂತೆ ಮಾರಾಯ್ರೇ. ಒಂದು ಮಾತು ಬರಲಿಲ್ಲ. ಡಿಜೆಯವನಿಗೆ ಹೇಳಿಬಿಡ್ತೀನಿ ಹಾಗಾದ್ರೆ."

ಉಚ್ಚಂಗಪ್ಪನವರು ರಿಮೋಟನ್ನು ಹುಡುಗಿಯ ಕೈಗೆ ಕೊಟ್ಟು ಶಲ್ಯ ಹೆಗಲಿಗೆ ಹಾಕಿಕೊಂಡರು.

"ಸೋತೆ, ಇಲ್ಲ ಅನ್ನಲ್ಲ. ಆದ್ರೆ ಯತೀಶಪ್ಪ, ಅಲ್ಲಿ ಆಕಾಶ ಹರಿದು ಬೀಳ್ತಿತ್ತು, ಇಲ್ಲಿ ನಿನ್ನ ಮಗಳು ಅಳ್ತಿದ್ಲು. ಎಲ್ಲ ಬಿಟ್ಟು ನೀ ನೋಡಿದ್ದು ಸುಮ್ಮನಿದ್ದ ನನ್ನ ಬಾಯಿ. ಡಿಜೆಯವನ ಡಬ್ಬಿ ಸುಮ್ಮನಿದ್ದಾಗ ಅದರ ಮುಂದೆ ಯಾರಾದ್ರೂ ಹಿಂಗೆ ಕಾಯ್ಕೊಂಡು ಕೂತಿದ್ದು ಕಂಡೀಯೇನು?"