ನಾನು ಒರೆಸಿದ ಚಿತ್ರ

ಮಗಳು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ಸಂಜೆ, ಮೀನಿನ ಭ್ರೂಣದ ಜೀವಕೋಶ ಒಡೆದು ಎರಡಾಗುವ ಹಂತಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಚಿತ್ರ ಬರೆದುಕೊಂಡು ಅಮೆರಿಕದ ಕೆನ್ಮೋರಿನ ನಮ್ಮ ಮನೆಗೆ ಬಂದಳು. ಗೆರೆಗಳೆಲ್ಲ ಸೊಟ್ಟ. ಕೊನೆಯ ಹಂತದ ಕೋಶವಂತೂ ನಡುವಿಗೆ ದಾರ ಬಿಗಿದ ಹಿಟ್ಟಿನ ಚೀಲದ ಹಾಗಿತ್ತು.

“ಹೀಗಲ್ಲ ಕಣೇ, ಮಧ್ಯ ನೇರವಾಗಿ ಗೋಡೆ ಬರುತ್ತೆ. ನಾನು ಬಿಎಸ್ಸಿ ಮಾಡಿದೀನಿ,” ಎಂದೆ.

“ಬಟ್ ಅಮ್ಮ, ಐ ಸಾ ಇಟ್!”

ಕೇಳುವ ವ್ಯವಧಾನ ನನಗೆಲ್ಲಿತ್ತು? ರಬ್ಬರಿನಿಂದ ಒರೆಸಿ, ಸ್ಕೇಲಿಟ್ಟು ಗೋಡೆ ಎಳೆದೇಬಿಟ್ಟೆ.

ನನ್ನ ಬಿಎಸ್ಸಿಯ ಬಂಡವಾಳ ನನಗೊಬ್ಬಳಿಗೇ ಗೊತ್ತಿತ್ತು. ಮೈಸೂರಿನ ಕಾಲೇಜಿನಲ್ಲಿ ನಾವು ನೋಡಬೇಕಿದ್ದದ್ದು ಈರುಳ್ಳಿ ಬೇರಿನ ಸ್ಲೈಡು. ಮೈಕ್ರೋಸ್ಕೋಪಿನ ಮುಂದೆ ಉದ್ದನೆಯ ಕ್ಯೂ. ಯಾರು ನಿಲ್ಲುತ್ತಾರೆಂದು ಸೀನಿಯರ್ ಒಬ್ಬಳ ರೆಕಾರ್ಡ್ ಬುಕ್ಕಿನಿಂದ ಚಿತ್ರ ಇಳಿಸಿ ಸಹಿ ಹಾಕಿಸಿಕೊಂಡಿದ್ದೆ. ಮೂರು ವರ್ಷವೂ ಅದೇ ಕತೆ. ಸಸ್ಯದ ಕೋಶಕ್ಕೆ ಮಾತ್ರ ಬರುವ ಆ ಗೋಡೆಯನ್ನೇ ಮೀನಿಗೂ ಕಟ್ಟಿದ್ದೆ.

ಮುಂದಿನ ತಿಂಗಳು ಪೋಷಕರನ್ನು ಶಾಲೆಗೆ ಕರೆದಿದ್ದರು. ಮಗಳು ನನ್ನನ್ನು ಅದೇ ಸ್ಲೈಡಿನ ಮುಂದೆ ಕೂರಿಸಿದಳು. ಜೀವನದಲ್ಲಿ ಮೊದಲ ಸಲ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಕೋಶದ ನಡು ಎರಡೂ ಕಡೆಯಿಂದ ಒಳಕ್ಕೆ ಸೆಳೆದುಕೊಂಡಿತ್ತು, ಥೇಟ್ ಹಿಟ್ಟಿನ ಚೀಲ. ಗೋಡೆಯೆಂಬುದು ಎಲ್ಲೂ ಇರಲಿಲ್ಲ.

ತಲೆಯೆತ್ತಿದೆ. ಪಕ್ಕದಲ್ಲೇ ಅವಳ ಫೈಲು ತೆರೆದಿತ್ತು. ನನ್ನ ನೇರ ಗೆರೆಯ ಅಡಿಯಲ್ಲಿ, ನಾನು ಒರೆಸಿದ್ದ ಅವಳ ಸೊಟ್ಟ ಗೆರೆ ಇನ್ನೂ ಮಾಸಲಾಗಿ ಕಾಣುತ್ತಿತ್ತು. ಅದರ ಕೆಳಗೆ ಟೀಚರ್ ಕೆಂಪು ಇಂಕಿನಲ್ಲಿ ಏನೋ ಬರೆದಿದ್ದರು. ಓದಲು ಬಗ್ಗಿದೆ. ಮಗಳು ಅಂಗೈ ಇಟ್ಟು ಅದನ್ನು ಮುಚ್ಚಿದಳು.